ಹಾಳೆ ತಿರುವುವ ಸಪ್ಪಳ

ಕಣ್ಣಿಗೆ ಔಷಧದ ಹನಿ ಹಾಕಿಸಿಕೊಂಡವರೆಲ್ಲ ಕಣ್ಣು ಮುಚ್ಚಿ ಕೂತ ಮೇಲೆ ಆ ಕೋಣೆಯಲ್ಲಿ ತನ್ನನ್ನು ನೋಡುವವರು ಯಾರೂ ಇಲ್ಲವೆಂಬುದು ಅಂಬಾಗೆ ಗೊತ್ತಿತ್ತು. ಆದರೂ ಮೇಜಿನ ಡ್ರಾವರ್ ಎಳೆಯುವ ಮೊದಲು ಅವಳು ಒಮ್ಮೆ ಎಲ್ಲರ ಮುಖ ನೋಡಿದಳು. ಗೋಡೆಗುಂಟ ಹಾಕಿದ ಕುರ್ಚಿಗಳಲ್ಲಿ ಅವರು ಮುಖ ತುಸು ಮೇಲೆತ್ತಿ, ಕೆನ್ನೆಗಿಳಿದ ಔಷಧವನ್ನು ಹತ್ತಿಯ ತುಂಡಿನಿಂದ ಒತ್ತಿ ಹಿಡಿದು, ಮಂಗಳಾರತಿಗೆ ಕಾದವರ ಹಾಗೆ ಕೂತಿದ್ದರು. ಜೊತೆಗೆ ಬಂದವರೆಲ್ಲ ಹೊರಗಿನ ಹಾಲಿನಲ್ಲಿದ್ದರು. ಪಾಪೆ ಅರಳುವ ತನಕ ಇವರು ಹೀಗೆ ಕೂರಬೇಕು, ನಡುವೆ ಇನ್ನೊಮ್ಮೆ ಹನಿ ಹಾಕಬೇಕು, ಆಮೇಲೆ ಒಬ್ಬೊಬ್ಬರನ್ನೇ ಡಾಕ್ಟರ ಕತ್ತಲೆ ಕೋಣೆಗೆ ಕಳಿಸಬೇಕು. ಮಾರ್ಕೆಟ್ ಯಾರ್ಡಿನ ಹತ್ತಿರದ ಈ ಕಣ್ಣಿನ ದವಾಖಾನೆಯಲ್ಲಿ ಅಂಬಾ ಹಲವು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ ಇದು. ಈ ಮುಚ್ಚಿದ ಕಣ್ಣುಗಳ ನಡುವೆ ಅವಳು ಅವರೆ ಬಿಡಿಸಿದ್ದುಂಟು, ಸೀರೆಗೆ ಫಾಲ್ ಹಚ್ಚಿದ್ದುಂಟು. ಆದರೆ ಕಳೆದ ನಾಲ್ಕು ದಿನಗಳಿಂದ ಡ್ರಾವರಿನಲ್ಲಿದ್ದದ್ದು ಪುಸ್ತಕ, ಮಗಳದು, ಮಗಳಿಂದ ಕಸಿದುಕೊಂಡದ್ದು. ಅದನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದಳು. ನಲವತ್ತಾರು ವರ್ಷದ ಹೆಂಗಸು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು, ಬಸ್ ಟಿಕೇಟು ಇಟ್ಟಿದ್ದ ಹಾಳೆಯನ್ನು ತೆರೆದಳು.

ಅವಳು ನಿಧಾನವಾಗಿ ಓದುತ್ತಿದ್ದಳು. ಇಂಗ್ಲಿಷನ್ನು ಅವಳು ಕಲಿತದ್ದು ಮದುವೆಯಾದ ಮೇಲೆ, ಪುಣೆಯ ರಾತ್ರಿ ಕಾಲೇಜಿನಲ್ಲಿ, ಸಂಜೆ ಅಡುಗೆ ಮುಗಿಸಿ ಓಡಿಹೋಗಿ ಹಿಂದಿನ ಬೆಂಚಿನಲ್ಲಿ ಕೂತು. ವಾಣಿಜ್ಯ ಪತ್ರವ್ಯವಹಾರದ ಇಂಗ್ಲಿಷು ಅದು. ‘ನಿಮ್ಮ ಪತ್ರ ತಲುಪಿತು’ ಎಂದು ಬರೆಯಲು ಬರುತ್ತಿತ್ತು, ‘ನನಗೆ ಹೆದರಿಕೆಯಾಗುತ್ತಿದೆ’ ಎಂದು ಹೇಗೆ ಬರೆಯುತ್ತಾರೆಂದು ಅಲ್ಲಿ ಯಾರೂ ಕಲಿಸಿರಲಿಲ್ಲ. ಈ ಪುಸ್ತಕದಲ್ಲಿ ಪ್ರತಿ ಎರಡನೇ ಹಾಳೆಗೆ ಯಾರಾದರೊಬ್ಬರು ಅದನ್ನೇ ಹೇಳುತ್ತಿದ್ದರು. ಹದಿನೇಳು ವರ್ಷದ ಹುಡುಗಿ ಹೇಳುತ್ತಾಳೆ, ಹುಡುಗ ಹೇಳುತ್ತಾನೆ, ಕೊನೆಗೆ ಅವನ ಅಜ್ಜನೂ ಹೇಳುತ್ತಾನೆ. ಹೇಳಿದವರನ್ನು ನೋಡಿ ಯಾರೂ ನಗುವುದಿಲ್ಲ. ಮೊದಲ ದಿನ ಅಂಬಾಗೆ ಇದು ಅತಿಯೆನಿಸಿತ್ತು. ಮನುಷ್ಯರು ಇಷ್ಟು ಮಾತಾಡುತ್ತಾರೆಯೇ? ಎರಡನೇ ದಿನ ಬಸ್ಸಿನಲ್ಲಿ ತುಟಿ ಅಲುಗಿಸುತ್ತ ಓದುತ್ತಿದ್ದವಳು, ಪಕ್ಕದಲ್ಲಿದ್ದ ಕಾಲೇಜು ಹುಡುಗಿ ತನ್ನ ತುಟಿಯನ್ನೇ ನೋಡುತ್ತಿರುವುದನ್ನು ಕಂಡು ಪುಸ್ತಕ ಮುಚ್ಚಿ, ಇಳಿಯುವ ತನಕ ಕಿಟಕಿಯ ಹೊರಗೆ ನೋಡಿದ್ದಳು. ನೋಡಿದ್ದು ಏನೂ ನೆನಪಿಲ್ಲ, ಮುಖ ಸುಟ್ಟಂತಾದದ್ದು ಮಾತ್ರ ನೆನಪಿದೆ.

ಭಾನುವಾರ ಬೆಳಿಗ್ಗೆ ಅವಳು ಒಗೆಯುವ ಬಟ್ಟೆ ಕೇಳಲು ಮಗಳು ಪೂರ್ವಾಳ ಕೋಣೆಗೆ ಹೋಗಿದ್ದಳು. ಹೋಗಿದ್ದಳು ಎಂದರೆ ಬಾಗಿಲು ದೂಡಿದ್ದಳು, ಎಂದಿನ ಹಾಗೆ. ಪೂರ್ವಾ ಹಾಸಿಗೆಯ ಮೂಲೆಯಲ್ಲಿ ಮೊಣಕಾಲು ಮಡಚಿ ಕೂತು ಅಳುತ್ತಿದ್ದಳು. ಮೂಗು ಕೆಂಪಾಗಿತ್ತು. ಮೊಣಕಾಲ ಮೇಲೆ ಪುಸ್ತಕವಿತ್ತು, ಅದರ ಮೇಲೆ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತ ಹುಡುಗ ಹುಡುಗಿಯ ಚಿತ್ರ. ಮುಂದಿನ ವಾರ ಹನ್ನೆರಡನೇ ಇಯತ್ತೆಯ ಮೊದಲ ಪರೀಕ್ಷೆ, ಭೌತಶಾಸ್ತ್ರದ ಪುಸ್ತಕ ನೆಲದ ಮೇಲೆ ಬೋರಲು ಬಿದ್ದಿತ್ತು. ಅಂಬಾಗೆ ಒಮ್ಮೆಲೇ ಹೆದರಿಕೆಯಾಯಿತು. ಯಾರೋ ಒಬ್ಬ ಹುಡುಗ ಇದ್ದಾನೆ, ಇವಳನ್ನು ಅಳಿಸುತ್ತಿದ್ದಾನೆ, ತನಗೆ ಏನೂ ಗೊತ್ತಿಲ್ಲ. ಆ ಹೆದರಿಕೆ ಬಾಯಿಗೆ ಬರುವಾಗ ಸಿಟ್ಟಾಗಿತ್ತು. ಇದನ್ನ ಓದಿ ಅಳ್ಳಿಕತ್ತೀಯೇನು ಎಂದು ಕೇಳಿ, ಉತ್ತರಕ್ಕೆ ಕಾಯದೆ ಪುಸ್ತಕ ಕಸಿದುಕೊಂಡಳು. ಪೂರ್ವಾ ಎಳೆದಾಡಲಿಲ್ಲ. ಕೈ ಹಾಗೇ ಗಾಳಿಯಲ್ಲಿ ಬಿಟ್ಟು, ಮೆಲ್ಲಗೆ ಹೇಳಿದಳು:

“ಕೇಳಿ ತಗೋಬೇಕಿತ್ತಲಾ ಅಮ್ಮ.”

“ನನ್ನ ಮನ್ಯಾಗ ನಾ ಯಾರನ್ನ ಕೇಳಬೇಕು?”

ಇಷ್ಟೇ. ಅಂದಿನಿಂದ ಪೂರ್ವಾ ಮಾತು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಊಟ ಸಾಕು, ಕ್ಲಾಸಿಗೆ ಹೋಗ್ತೀನಿ, ಛತ್ರಿ ತಗೊಂಡೀನಿ ಎಂದು ಕೇಳಿದ್ದಕ್ಕೆಲ್ಲ ಸರಿಯಾಗಿ, ದವಾಖಾನೆಗೆ ಬಂದ ಅಪರಿಚಿತರ ಜೊತೆ ಅಂಬಾ ಮಾತಾಡುವಷ್ಟೇ ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದಳು. ಮೊದಲು ಅಡುಗೆ ಕಟ್ಟೆಗೆ ಒರಗಿ ಕ್ಲಾಸಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದ ಹುಡುಗಿ. ಆ ಜಾಗದಲ್ಲಿ ಈಗ ಫ್ರಿಜ್ಜಿನ ಸಪ್ಪಳವಿತ್ತು.

ಪುಸ್ತಕದಲ್ಲಿ ಏನಿದೆಯೆಂದು ತಾಯಿಯಾದವಳು ನೋಡಬೇಕು ಎಂದು ಅಂಬಾ ತನಗೆ ಹೇಳಿಕೊಂಡದ್ದು ಅದೇ ಮಧ್ಯಾಹ್ನ. ಆ ಚಿತ್ರ ಇಟ್ಟುಕೊಂಡು ಬಸ್ಸಿನಲ್ಲಿ ಓದುವುದು ಆಗದ ಮಾತು. ಶಾಲೆಯ ಪುಸ್ತಕಗಳಿಗೆ ಪ್ರತಿ ವರ್ಷ ಅವಳೇ ಕವರು ಹಾಕಿದವಳು, ಆ ಕೈಗೆ ದಾರಿ ಗೊತ್ತಿತ್ತು. ಅಡುಗೆಮನೆಯ ಗೋಡೆಗಿದ್ದ ಕ್ಯಾಲೆಂಡರಿನಿಂದ ಮುಗಿದುಹೋದ ಜೂನ್ ತಿಂಗಳನ್ನು ಹರಿದಳು. ಅದರ ಬೆನ್ನಿಗೆ ಉಪವಾಸದ ಅಡುಗೆಯ ಬಣ್ಣದ ಚಿತ್ರಗಳಿದ್ದವು, ಅದು ಚೆನ್ನಾಗಿ ಕಾಣಲಾರದೆಂದು ತಾರೀಖಿನ ಮಗ್ಗುಲನ್ನೇ ಮೇಲೆ ಮಾಡಿ, ಮೂಲೆಗಳನ್ನು ಒಳಕ್ಕೆ ಮಡಿಚಿ, ಉಗುರಿನಿಂದ ಗೆರೆ ಎಳೆದು ಕವರು ಹಾಕಿದಳು. ಹಾಕಿ ಮುಗಿಸಿ, ಹೆಸರಿನ ಚೀಟಿ ಅಂಟಿಸಲು ಕೈ ತಾನಾಗಿ ಗೋಂದಿನ ಬಾಟಲಿಗೆ ಹೋದಾಗ ಅವಳು ನಾಚಿ ನಿಂತಳು. ಕಸಿದ ಪುಸ್ತಕವನ್ನು ಇಷ್ಟು ಅಕ್ಕರೆಯಿಂದ ಯಾರಾದರೂ ಕಟ್ಟುತ್ತಾರೆಯೇ?

ಪುಸ್ತಕದ ಹುಡುಗಿ ಊರು ಬಿಟ್ಟು ಸೋದರತ್ತೆಯ ಮನೆಗೆ ಬಂದಿದ್ದಾಳೆ. ಅತ್ತೆಯದು ದುಡ್ಡು ಹಾಕಿದರೆ ಯಂತ್ರ ಬಟ್ಟೆ ಒಗೆದು ಕೊಡುವ ಅಂಗಡಿ. ಹುಡುಗ ಪ್ರತಿ ಗುರುವಾರ ಅಜ್ಜನ ಅಂಗಿಗಳನ್ನು ತರುತ್ತಾನೆ. ಯಂತ್ರ ತಿರುಗುವಷ್ಟು ಹೊತ್ತು ಮಾತು. ಒಗೆಯುವ ಬಟ್ಟೆಯ ಎದುರಿಗೆ ಕೂತು ಪ್ರೀತಿ ಮಾಡುವವರನ್ನು ಅಂಬಾ ಕಂಡಿರಲಿಲ್ಲ, ಮೊದಲು ನಗು ಬಂದಿತ್ತು. ಮುತ್ತುಗಿತ್ತು ಬಂದರೆ ಆ ಹಾಳೆಗಳನ್ನು ಏನು ಮಾಡುವುದೆಂದು ಒಂದು ಯೋಚನೆಯೂ ಇತ್ತು. ಆದರೆ ಎಪ್ಪತ್ತು ಹಾಳೆ ದಾಟಿದರೂ ಅವರು ಬರೀ ಮಾತಾಡಿದರು. ಒಂದು ಗುರುವಾರ ಹೊರಗೆ ಮಂಜು ಬಿದ್ದು ದಾರಿ ಜಾರುತ್ತಿದೆ, ಹುಡುಗ ಕೈ ಮುಂದೆ ಮಾಡಿ, ಮಾಡಿದ್ದನ್ನು ಅರ್ಧಕ್ಕೇ ನಿಲ್ಲಿಸಿ ಕೇಳುತ್ತಾನೆ, ನಿನ್ನ ಕೈ ಹಿಡಿದುಕೊಳ್ಳಲೇ? ಕೇಳಿ, ಸುಮ್ಮನೆ ನಿಲ್ಲುತ್ತಾನೆ. ಹುಡುಗಿ ಹೂಂ ಅನ್ನುವ ತನಕ ಅರ್ಧ ಹಾಳೆ. ಆ ಅರ್ಧ ಹಾಳೆಯನ್ನು ಅಂಬಾ ಸ್ವಾರಗೇಟಿನಿಂದ ಧನಕವಡಿಯ ತನಕ ಓದಿದ್ದಳು. ಇಳಿಯುವ ಸ್ಟಾಪು ದಾಟಿಹೋಗಿ ನಡೆದು ವಾಪಸು ಬಂದಿದ್ದಳು. ನಡೆಯುವಾಗ ಅವಳಿಗೆ ತನ್ನ ಮೇಲೆ ತನಗೇ ಕನಿಕರ ಹುಟ್ಟಿತು. ಧಾರವಾಡದ ಮನೆಯ ಪಡಸಾಲೆಯಲ್ಲಿ ತಟ್ಟೆ ಹಿಡಿದು ಬಂದು ಕೂತಾಗ ಹಿರಿಯರೊಬ್ಬರು ಹುಡುಗಿ ಒಪ್ಪಿಗಿ ಏನಪಾ ಎಂದು, ಹೆಣ್ಣು ನೋಡಲು ಬಂದು ಆಮೇಲೆ ಗಂಡನಾದ ಮಧುಕರನನ್ನು ಕೇಳಿದ್ದರು. ತನ್ನ ಕಡೆ ತಿರುಗಿ ಕೇಳಿದ್ದು, ಹಾಡಲಿಕ್ಕೆ ಬರತದೇನು ಎಂದು. ತನ್ನನ್ನು ಯಾರೂ ಒಪ್ಪಿಗೆ ಕೇಳಲಿಲ್ಲ, ಈ ಹುಡುಗಿಗೆ ಬರೀ ಕೈ ಹಿಡಿಯಲಿಕ್ಕೂ ಒಬ್ಬ ಕೇಳುತ್ತಾನೆ. ಅದು ಸಿಹಿಯಾದ ಕನಿಕರವಾಗಿತ್ತು, ಬಾಯಲ್ಲಿಟ್ಟುಕೊಂಡು ಚೀಪುವಂಥದ್ದು. ಅದೇ ರುಚಿಗೆ ಮರುದಿನ ಮತ್ತೆ ಪುಸ್ತಕ ತೆರೆದಳು.

ನಿನ್ನೆ ಡಬ್ಬಿ ಉಣ್ಣುವ ಹೊತ್ತಿಗೆ ಹರ್ಷಿತಾ ಹಿಡಿದಳು. ಚಸ್ಮದ ನಂಬರು ತೆಗೆಯುವ ಹುಡುಗಿ ಅವಳು, ಕುಂದಾಪುರದ ಕಡೆಯವಳು, ಅವಳ ಮನೆಯವರದು ಖರಾಡಿಯಲ್ಲಿ ಒಂದು ಹೋಟೆಲು. ಉಪ್ಪಿನಕಾಯಿ ಕೇಳಲು ಬಗ್ಗಿದವಳು ತೆರೆದ ಹಾಳೆಯ ಎರಡು ಸಾಲು ಓದಿ, ಕ್ಯಾಲೆಂಡರಿನ ಕವರು ನೋಡಿ, ಅಂಬಾಳ ಮುಖ ನೋಡಿ, ಏನೂ ಗೊತ್ತಾಗದವಳ ಹಾಗೆ ಕೂತು ಎರಡು ತುತ್ತು ಉಂಡಳು. ಆಮೇಲೆ ತಡೆಯಲಾರದೆ, ಆಂಟಿ ನಾನಿದನ್ನ ಮೂರು ಸಲ ಓದಿದ್ದೇನೆ ಅಂದಳು. ಅಂಬಾ, ಮಗಳ ಕೈಯಾಗ ಏನದ ನೋಡಬೇಕಲಾ ಎಂದು ಶುರುಮಾಡಿದ್ದನ್ನು ಮುಗಿಸಲಿಲ್ಲ. ಕೊನೆ ಗೊತ್ತಿದ್ದೂ ಮೂರು ಸಲ ಯಾಕೆ ಎಂದು ಕೇಳಿದ್ದಕ್ಕೆ ಹುಡುಗಿ ಚಪಾತಿ ಹರಿಯುತ್ತ ಹೇಳಿದಳು, ಕೊನೆ ಗೊತ್ತಿದೆಯಲ್ಲ ಆಂಟಿ, ಅದಕ್ಕೇ. ಎಲ್ಲಾ ಸರಿ ಹೋಗ್ತದೆ ಅಂತ ಗೊತ್ತಿದ್ರೆ ನಡುವಿನದನ್ನ ಧೈರ್ಯವಾಗಿ ಓದಬಹುದು, ನಮ್ಮದು ಹಾಗಲ್ಲವಲ್ಲ. ಇಪ್ಪತ್ತೆರಡರ ಹುಡುಗಿಗೆ ಸರಿಹೋಗದಿರುವಂಥದ್ದು ಏನಿರಬಹುದು? ಕೇಳಬೇಕೆನಿಸಿತು, ಕೇಳಲಿಲ್ಲ. ಕೇಳದೇ ಇರುವುದು ತನಗೆ ರೂಢಿಯಾಗಿದೆ ಎಂದು ಡಬ್ಬಿ ತೊಳೆಯುವಾಗ ಹೊಳೆದು ಮನಸ್ಸು ಮುದುಡಿತು.

ಇವತ್ತು ಕೊನೆಯ ಕುರ್ಚಿಯಲ್ಲಿ ತಾಯಪ್ಪ ಎಂಬವರಿದ್ದರು. ವಿಜಾಪುರದ ಕಡೆಯ ಮುದುಕರು, ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊತ್ತು ಹೊತ್ತು ಒಂದು ಹೆಗಲು ಇಳಿದುಹೋಗಿದೆ. ಒಬ್ಬರೇ ಬಂದಿದ್ದರು. ಕನ್ನಡದ ಹೆಂಗಸು ಎಂದು ಗೊತ್ತಾಗಿ ಅವರ ಮುಖ ಸಡಿಲಾಯಿತು, ಬಲಗಣ್ಣಿಗೆ ಹನಿ ಬಿದ್ದಾಗ ಉರಿತೈತ್ರಿ ಎಂದು ಸಣ್ಣ ಮಕ್ಕಳ ಹಾಗೆ ತೋಡಿಕೊಂಡರು. ಅಂಬಾ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು, ನಾ ಹೇಳೂತನಕಾ ಕಣ್ಣ ತೆರೀಬ್ಯಾಡ್ರಿ. ಹೇಳಿ ಬಂದು ಕೂತು ಪುಸ್ತಕ ತೆಗೆದಳು. ಪೂರ್ವಾ ಗುರುತಿಗೆಂದು ಇಟ್ಟಿದ್ದ ಹಸಿರು ರಿಬ್ಬನ್ನಿನ ತುಂಡು ಇನ್ನೊಂದೆರಡು ಹಾಳೆ ಮುಂದಿತ್ತು. ಅಂದರೆ ಮಗಳು ಅತ್ತ ಜಾಗ. ಅಂಬಾ ಅದನ್ನು ಸಮೀಪಿಸುತ್ತ ಹುಡುಗ ಏನು ಮಾಡಿರಬಹುದು ಎಂದು ಊಹಿಸುತ್ತಿದ್ದಳು. ಅಂಗಡಿಗೆ ಬರುವುದನ್ನು ಬಿಟ್ಟನೋ, ಬೇರೆಯವಳ ಜೊತೆ ಕಂಡನೋ. ರಿಬ್ಬನ್ನಿನ ಹಾಳೆಗೆ ಬಂದಾಗ ಅಲ್ಲಿ ಹುಡುಗ ಇರಲೇ ಇಲ್ಲ. ಅಲ್ಲಿದ್ದದ್ದು ಒಂದು ಫೋನು. ಹುಡುಗಿಯ ತಾಯಿ ಮಾಡಿದ ಫೋನು. ಮಗಳನ್ನು ಒಂದು ಮಾತೂ ಕೇಳದೆ ಮನೆ ಮಾರಿ, ಶಾಲೆ ಬಿಡಿಸಿ, ಅತ್ತೆಯ ಊರಿಗೆ ಕಳಿಸಿದ ತಾಯಿ. ಇಷ್ಟು ದಿನ ಹವೆಯ ಬಗ್ಗೆ, ಊಟದ ಬಗ್ಗೆ ಮಾತಾಡಿದವಳು ಇವತ್ತು ಹೇಳುತ್ತಾಳೆ, ನಿನ್ನನ್ನು ಕೇಳಬೇಕಾಗಿತ್ತು ನಾನು. ಅಷ್ಟೇ. ಹಾಳೆಯ ಕೆಳತುದಿಯಲ್ಲಿ ಕಾಗದ ಕಣ್ಣೀರು ಬಿದ್ದು ಒಂದು ಕಡೆ ಉಬ್ಬಿ ಒಣಗಿತ್ತು. ಅಂಬಾ ಅದರ ಮೇಲೆ ಬೆರಳಿಟ್ಟಳು.

ಹುಡುಗ ಇರಲಿಲ್ಲ. ಯಾವ ಹುಡುಗನೂ ಇರಲಿಲ್ಲ. ಹನ್ನೊಂದನೇ ಇಯತ್ತೆಗೆ ಹೆಸರು ಹಚ್ಚುವ ದಿನ, ಆನ್‌ಲೈನ್ ಅರ್ಜಿ ತುಂಬಿಕೊಡುವ ಕಂಪ್ಯೂಟರಿನ ಅಂಗಡಿಯಲ್ಲಿ ಪೂರ್ವಾ ಪಕ್ಕದಲ್ಲೇ ನಿಂತಿದ್ದಳು. ಚಿತ್ರ ಬರೆಯುವ ಹುಡುಗಿ, ಆರ್ಟ್ಸ್ ಎಂದು ಮನೆಯಲ್ಲಿ ಒಂದೆರಡು ಸಲ ಅಂದಿದ್ದಳು. ಅಂಬಾ ಅಂಗಡಿಯವನಿಗೆ ಮರಾಠಿಯಲ್ಲಿ, ಸೈನ್ಸ್ ಹಾಕಿ ಅಂದಳು. ರಾತ್ರಿ ಕಾಲೇಜಿನ ಹಿಂದಿನ ಬೆಂಚು ಮಗಳಿಗೆ ಬರಬಾರದು ಎಂಬುದೊಂದೇ ಆಗ ತಲೆಯಲ್ಲಿತ್ತು. ಒಳ್ಳೆಯದಕ್ಕೇ ಮಾಡಿದ್ದು. ಪೂರ್ವಾ ಏನೂ ಅನ್ನಲಿಲ್ಲ, ಹೊರಗೆ ಬಂದು ಕಬ್ಬಿನ ಹಾಲು ಕುಡಿದರು, ಅವಳು ಐಸು ಬೇಡ ಅಂದಳು. ಅಷ್ಟು ಸಣ್ಣದು ನೆನಪಿದೆ, ಅವಳ ಮುಖ ಹೇಗಿತ್ತು ಎಂಬುದು ನೆನಪಿಲ್ಲ. ನೋಡಿದ್ದರಲ್ಲವೇ ನೆನಪಿರುವುದು. ಅಂಬಾ ಆ ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದಳು, ಮತ್ತೆ ಓದಿದಳು. ತಾಯಿಯ ಮಾತಿಗೆ ಮಗಳು ಏನು ಉತ್ತರ ಕೊಡುತ್ತಾಳೆ? ಅದು ಮುಂದಿನ ಹಾಳೆಯಲ್ಲಿತ್ತು, ರಿಬ್ಬನ್ನಿನ ಆಚೆ, ಪೂರ್ವಾ ಇನ್ನೂ ಓದದಿರುವ ಕಡೆ. ಅಲ್ಲಿಗೆ ಕಾಲಿಡುವುದು ತಪ್ಪೆನಿಸಿತು. ತಡೆಯಲಾಗದೆ ತಿರುವಿದಳು. ಆ ಹುಡುಗಿ ಏನೂ ಹೇಳದೆ ಫೋನು ಇಟ್ಟುಬಿಟ್ಟಿದ್ದಳು.

ಒಳಗಿನಿಂದ ಡಾಕ್ಟರು ತಾಯಪ್ಪ ಎಲ್ಲಿ ಎಂದು ಕೇಳಿದಾಗ ಅಂಬಾಗೆ ಆ ಹೆಸರು ಯಾರದೆಂದು ಒಂದು ಕ್ಷಣ ತಿಳಿಯಲಿಲ್ಲ. ಉಳಿದ ಕುರ್ಚಿಗಳು ಖಾಲಿಯಾಗಿದ್ದವು. ಮೊದಲೇ ಎರಡನೇ ಹನಿ ಹಾಕಿಸಿಕೊಂಡಿದ್ದ ಅವರನ್ನೆಲ್ಲ ಹರ್ಷಿತಾ ಬಂದು ಕೈ ಹಿಡಿದು ಒಳಗೆ ಬಿಟ್ಟಿದ್ದಳಂತೆ. ಎರಡನೇ ಹನಿ ಬೀಳದ ತಾಯಪ್ಪ ಮಾತ್ರ ಉಳಿದಿದ್ದರು, ಅದೇ ಕುರ್ಚಿಯಲ್ಲಿ, ಅದೇ ರೀತಿ ಮುಖವೆತ್ತಿ, ಕಣ್ಣು ಮುಚ್ಚಿ. ಕೈಯಲ್ಲಿನ ಹತ್ತಿ ಒಣಗಿ ಉಂಡೆಯಾಗಿತ್ತು. ಡಾಕ್ಟರು ಬಾಗಿಲಿಗೇ ಬಂದು, ಜೋರು ಮಾಡದೆ, ಆದರೂ ಮುಂದಿನ ಹಾಲಿನವರಿಗೆಲ್ಲ ಕೇಳಿಸುವಂತೆ ಮರಾಠಿಯಲ್ಲಿ ಅಂದರು, ಅಂಬಾತಾಯಿ ನೀವೂ ಹೀಗೆ ಮಾಡಿದರೆ ಹೇಗೆ? ‘ನೀವೂ’ ಎಂಬುದು ಚುಚ್ಚಿತು. ಪುಸ್ತಕ ಮಡಿಲಿನಿಂದ ಜಾರಿ ಬಿತ್ತು, ಡಾಕ್ಟರು ಅದರ ಮೇಲಿನ ತಾರೀಖುಗಳನ್ನು ನೋಡಿ ಒಳಗೆ ಹೋದರು. ಅಂಬಾ ಹನಿಯ ಬಾಟಲಿ ಹಿಡಿದು ಮುದುಕರ ಮುಂದೆ ಬಗ್ಗಿದಳು. ತಪ್ಪಾತ್ರಿ, ನಿಮ್ಮನ್ನ ಮರತೇಬಿಟ್ಟೆ, ಒಂದು ಮಾತು ಕರೀಬಾರದಿತ್ತೇನ್ರಿ ಎಂದಳು.

“ಹಾಳಿ ತಿರವೂ ಸಪ್ಪಳ ಕೇಳಾಕತ್ತಿತ್ರಿ ಅಕ್ಕಾರ,” ಅಂದರು ತಾಯಪ್ಪ, ಕಣ್ಣು ತೆರೆಯದೆಯೇ. “ಯಾರೋ ಓದಾಕತ್ತಾರ, ಓದಲಿ ತಗೋ ಅಂತ ಸುಮ್ಮ ಕುಂತ್ನಿ.”

ಅಂಬಾ ಅವರ ರೆಪ್ಪೆ ಬಿಡಿಸಿ ಹಿಡಿದಳು. ಹನಿ ಕಣ್ಣಿನ ಹೊರಗೆ ಬಿತ್ತು, ಒರೆಸಿ ಮತ್ತೆ ಹಾಕಿದಳು.

“ಕಥೀ ಪುಸ್ತಕೇನ್ರಿ?”

“ಹೌದ್ರಿ. ಮಗಳದು. ಹುಡುಗಾ ಹುಡುಗೀ ಕಥಿ.”

“ಕಡೀಕ ಕೂಡ್ತಾರೇನ್ರಿ?”

“ಇನ್ನೂ ಮುಗದಿಲ್ರಿ.”

“ಕೂಡ್ತಾರ ತಗೋರಿ,” ಎಂದು ಮುದುಕರು ಅವಳನ್ನೇ ಸಮಾಧಾನ ಮಾಡುವವರ ಹಾಗೆ ಹೇಳಿ, ಮತ್ತೆ ಮುಖವೆತ್ತಿ ಕೂತರು. ಈ ಸಲ ಅಂಬಾ ಪಕ್ಕದ ಕುರ್ಚಿಯಲ್ಲೇ ಕೂತಳು. ಕಣ್ಣು ಮುಚ್ಚಿದ ಅವರ ಮುಖದಲ್ಲಿ ಸುಕ್ಕುಗಳೆಲ್ಲ ಯಾವುದೋ ಸದ್ದಿಗೆ ಕಿವಿಗೊಟ್ಟ ಹಾಗಿದ್ದವು. ಮನೆಯಲ್ಲಿ ಯಾರಿದ್ದಾರೆಂದು ಕೇಳಿದಳು. ಮಗಳು ಅದಾಳ, ಹಡಪಸರದಾಗ, ಬರಾಂಗಿಲ್ಲ ಅಂದರು. ಅವಳು ಮತ್ತೇನೂ ಕೇಳದೆ ಅವರ ಕೈಯಲ್ಲಿನ ಒಣ ಹತ್ತಿ ತೆಗೆದುಕೊಂಡು ಹೊಸದು ಕೊಟ್ಟಳು.

ಸಂಜೆ ಸ್ವಾರಗೇಟಿನಲ್ಲಿ ಬಸ್ಸಿಗೆ ನಿಂತಾಗ ಮಳೆ ಬಂದು ಹೋಗಿತ್ತು. ಪರ್ವತಿ ಗುಡ್ಡ ತೊಳೆದಿಟ್ಟ ಹಾಗೆ ಹತ್ತಿರ ಕಾಣುತ್ತಿತ್ತು, ಮೆಟ್ಟಿಲುಗಳ ಮೇಲೆ ಛತ್ರಿ ಹಿಡಿದ ಸಣ್ಣ ಸಣ್ಣ ಮಂದಿ. ನೋಡುತ್ತ ನಿಂತವಳಿಗೆ, ಯಾರೋ ಹಿಂದಿನಿಂದ ಬಂದು ಸೆರಗು ಹಿಡಿದಂತೆ, ಆ ಮೆಟ್ಟಿಲುಗಳೇ ನೆನಪಾದವು. ಮದುವೆಯಾಗಿ ಪುಣೆಗೆ ಬಂದ ಮೊದಲ ತಿಂಗಳು ಅಲ್ಲಿಗೆ ಹೋಗಿದ್ದರು. ಮಧುಕರ ಎರಡು ಮೆಟ್ಟಿಲು ಮುಂದೆ ಹತ್ತುತ್ತಿದ್ದವನು ನಿಂತು, ತಿರುಗಿ, ಅವಳ ಕಡೆ ನೋಡದೆ ಪಕ್ಕದ ಗೋಡೆಯ ಕಡೆ ನೋಡುತ್ತ ಕೇಳಿದ್ದ, ದಣಿವಾತೇನು, ಕೈ ಕೊಡ್ಲಿ? ಅವಳು ಸುತ್ತಲಿನ ಮಂದಿಗೆ ನಾಚಿ ಬ್ಯಾಡ್ರಿ ಅಂದಿದ್ದಳು. ಅವನು ಹೂಂ ಎಂದು ಚಾಚಿದ ಕೈಯನ್ನು ಪ್ಯಾಂಟಿನ ಕಿಸೆಗೆ ಹಾಕಿಕೊಂಡ. ಆಮೇಲೆಂದೂ ಕೇಳಲಿಲ್ಲ. ಕೇಳಲಿಲ್ಲ ಎಂಬುದನ್ನಷ್ಟೇ ಇಷ್ಟು ವರ್ಷ ಜೋಪಾನ ಮಾಡಿದಳು, ಒಮ್ಮೆ ಕೇಳಿದ್ದ ಎಂಬುದನ್ನು ಪೂರ್ತಿ ಮರೆತುಬಿಟ್ಟಿದ್ದಳು. ಮೂರು ದಿನ ಬಾಯಲ್ಲಿ ಚೀಪಿದ ಕನಿಕರ ಈಗ ಸಪ್ಪಗಾಯಿತು, ಅದರ ಜಾಗದಲ್ಲಿ ಏನೋ ಬೆಚ್ಚಗಿನದು, ತುಸು ನೋಯುವಂಥದ್ದು ಇತ್ತು. ಬಸ್ಸಿನಲ್ಲಿ ಕೂತು ಪುಸ್ತಕ ತೆಗೆದಳು. ಪಕ್ಕದಲ್ಲಿ ಯಾರಿದ್ದಾರೆಂದು ನೋಡಲಿಲ್ಲ. ತುಟಿ ಅಲುಗಿದರೆ ಅಲುಗಲಿ. ಫೋನು ಇಟ್ಟ ಹುಡುಗಿ ಮೂರು ಗುರುವಾರ ಯಾರ ಜೊತೆಗೂ ಮಾತಾಡಲಿಲ್ಲ, ಯಂತ್ರಗಳ ಸಪ್ಪಳದ ನಡುವೆ ಒಬ್ಬಳೇ ಅಂಗಿಗಳನ್ನು ಮಡಿಚುತ್ತಿದ್ದಳು. ಸ್ಟಾಪು ಬಂತು. ಇವತ್ತಿನ ಟಿಕೇಟನ್ನು ಅಲ್ಲೇ ಇಟ್ಟಳು, ಹಸಿರು ರಿಬ್ಬನ್ನಿಗಿಂತ ಒಂದು ಬೆರಳಿನಷ್ಟು ಮುಂದೆ.

ಮನೆಯಲ್ಲಿ ಮಧುಕರ ಅಡುಗೆಮನೆಯ ಗೋಡೆಯೆದುರು ಚಸ್ಮ ಹಣೆಗೇರಿಸಿ ನಿಂತಿದ್ದ. ಚಿಂಚವಾಡದ ಕಾರ್ಖಾನೆಯಿಂದ ಬಂದವನು ಬೂಟು ಬಿಚ್ಚಿದ್ದ, ಕಾಲುಚೀಲ ಬಿಚ್ಚಿರಲಿಲ್ಲ. ಈ ವರ್ಷ ಮೇ ಆದ ಕೂಡಲೇ ಜುಲೈ ಬಂದದ ನೋಡು ಅಂದ. ಸಿಲಿಂಡರ್ ಹಚ್ಚಿದ ದಿನ, ಮೊಣಕಾಲಿನ ಡಾಕ್ಟರು ಮತ್ತ ಬಾ ಅಂದ ದಿನ, ಎಲ್ಲ ಅದರ ಮ್ಯಾಲೆ ಬರದಿದ್ದೆ. ಅಂಬಾ ಹೆಗಲಿನ ಚೀಲ ಇಳಿಸದೆ ನಿಂತಳು. ಆ ಮನೆಯಲ್ಲಿ ಯಾವುದು ಯಾವಾಗ ಆಯಿತು ಎಂಬುದೆಲ್ಲ ಅವನು ಕ್ಯಾಲೆಂಡರಿನ ಚೌಕಗಳಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಬರೆದಿಡುತ್ತಾನೆ, ಹದಿನೆಂಟು ವರ್ಷಗಳಿಂದ. ಅದು ತನಗೆ ಗೊತ್ತಿಲ್ಲವೇ? ಹರಿಯುವಾಗ ಆ ಅಕ್ಷರಗಳು ಕಣ್ಣಿಗೇ ಬೀಳಲಿಲ್ಲ, ಕವರಿಗೆ ಹಾಳೆ ಗಟ್ಟಿ ಇದೆಯೇ ಎಂದಷ್ಟೇ ನೋಡಿದ್ದಳು. ಸುಳ್ಳೊಂದು ಬಾಯಿಗೆ ಬಂದೇ ಬಿಟ್ಟಿತ್ತು. ಹಾಲಿನಲ್ಲಿ ಪೂರ್ವಾ ಊಟದ ಮೇಜಿಗೆ ಪುಸ್ತಕ ಹರವಿಕೊಂಡು ಕೂತಿದ್ದಳು, ತಲೆ ಎತ್ತಿರಲಿಲ್ಲ, ಪೆನ್ನು ಮಾತ್ರ ನಿಂತಿತ್ತು. ಅಂಬಾ ಚೀಲಕ್ಕೆ ಕೈ ಹಾಕಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಇಡುವಾಗ ಕೈ ತಾನಾಗಿ ಅದನ್ನು ಒರೆಸಿತು.

ಮಧುಕರ ಬಗ್ಗಿ ತನ್ನ ಅಕ್ಷರ ಓದಿದ. ಪೂರ್ವಾ ಕವರು ನೋಡಿದಳು, ಮಡಿಚಿದ ಮೂಲೆಗಳನ್ನು ನೋಡಿದಳು, ಪುಸ್ತಕ ತೆರೆದಳು. ರಿಬ್ಬನ್ನು ಇಟ್ಟಲ್ಲೇ ಇತ್ತು. ಆಮೇಲೆ ಅವಳ ಬೆರಳು ಟಿಕೇಟಿಗೆ ತಾಗಿತು. ಇವತ್ತಿನ ತಾರೀಖು.

“ಮುಂದ ಹೋಗೀದಿ,” ಅಂದಳು ಪೂರ್ವಾ.

“ಹೋದೆ. ನಿನ್ನ ಕೇಳಬೇಕಾಗಿತ್ತು.” ಅಂಬಾಳ ಧ್ವನಿ ಸಣ್ಣದಾಯಿತು. “ಪುಸ್ತಕದ್ದೂ. ಸೈನ್ಸಿಂದೂ. ಕೇಳಲಿಲ್ಲ ನಾ.”

ಅದು ಪುಸ್ತಕದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಕದ್ದ ಮಾತಿನ ಹಾಗೆ ಅದು ನಡುವೆ ಬಿದ್ದಿತ್ತು. ಆದರೆ ಅಂಬಾಳ ಹತ್ತಿರ ಬೇರೆ ಮಾತಿರಲಿಲ್ಲ. ಪೂರ್ವಾ ಟಿಕೇಟನ್ನು ಇದ್ದಲ್ಲೇ ಬಿಟ್ಟು ಪುಸ್ತಕ ಮುಚ್ಚಿದಳು. ಮುಂದೇನಾಗ್ತದಂತ ಹೇಳಬ್ಯಾಡ ಎಂದಷ್ಟೇ ಹೇಳಿ ಪುಸ್ತಕ ಎದೆಗೊತ್ತಿಕೊಂಡು ಕೋಣೆಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು, ಸಿಟ್ಟಿನಿಂದ ಮುಚ್ಚಿದ ಹಾಗಿರಲಿಲ್ಲ, ಆದರೆ ಮುಚ್ಚಿತು. ಪುಸ್ತಕದ ಹುಡುಗಿಯೂ ಫೋನು ಇಟ್ಟಿದ್ದು ಹೀಗೆಯೇ. ಅಂಬಾ ಕುರ್ಚಿಯ ಬೆನ್ನು ಹಿಡಿದು ನಿಂತಳು. ಮಧುಕರ ಚಸ್ಮ ಒರೆಸುತ್ತ, ಎಲ್ಲ ತಿಳಿದವನ ಹಾಗೂ ಅಲ್ಲದೆ, ತಿಳಿಯದವನ ಹಾಗೂ ಅಲ್ಲದೆ ಹೇಳಿದ:

“ಓದಿ ಮುಗಿಸಿದ ಮ್ಯಾಲೆ ನನ್ನ ಜೂನ್ ತಿಂಗಳಾ ವಾಪಸ್ ಕೊಡ್ರೆವಾ ತಾಯಿ ಮಗಳು.”

ಅವಳಿಗೆ ನಗು ಬಂತು, ಅದರ ಜೊತೆಗೇ ಕಣ್ಣು ತುಂಬಿತು. ಪರ್ವತಿ ಮೆಟ್ಟಲಾ ನೆನಪದಾವೇನ್ರಿ ಎಂದು ಕೇಳಿದಳು. ಅವನು ಮೊಣಕಾಲು ನೀವಿಕೊಂಡು, ಇದಕ್ಕ ಭಾಳ ಛಲೋ ನೆನಪದಾವ ಅಂದ. ಅಷ್ಟು ಹೇಳಿ ಕಾಲುಚೀಲ ಬಿಚ್ಚಲು ಕೂತ. ಕೂತವನು ಒಂದು ಕಾಲಿನದು ಬಿಚ್ಚಿ ಹಾಗೇ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಗೋಡೆ ನೋಡಿದ.

ಅನ್ನಕ್ಕೆ ಇಟ್ಟು ಬಂದ ಅಂಬಾ ಮಗಳ ಬಾಗಿಲ ಮುಂದೆ ನಿಂತಳು. ಅವಳ ಅಂಗೈ ದೂಡಲು ಮೇಲೆದ್ದಿತ್ತು. ಅರ್ಧಕ್ಕೇ ನಿಲ್ಲಿಸಿ, ಬೆರಳ ಗೆಣ್ಣಿನಿಂದ ಎರಡು ಸಲ ಬಡಿದಳು. ಸ್ವಂತ ಮನೆಯಲ್ಲಿ ಬಾಗಿಲು ಬಡಿಯುವುದು ಎಷ್ಟು ವಿಚಿತ್ರ. ಬೇರೆ ಯಾರದೋ ಮನೆಗೆ, ಬೇಕಾದವರ ಮನೆಗೆ ಬಂದ ಹಾಗೆ. ಒಳಗ ಬರ್ಲೇನು ಎಂದು ಕೇಳಿದಳು. ಕೇಳಿಸಲಿಲ್ಲವೇನೋ ಎಂದು ಮತ್ತೆ ಬಡಿಯಲು ಹೋದಾಗ ಒಳಗೆ ಒಂದು ಹಾಳೆ ತಿರುಗಿತು. ಗಟ್ಟಿ ಕವರಿನ ಪುಸ್ತಕ, ಸಪ್ಪಳ ಸ್ಪಷ್ಟವಿತ್ತು. ಅಂಬಾ ಕೈ ಇಳಿಸಿದಳು. ಓದಲಿ. ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಸೀರೆ ಒತ್ತರಿಸಿಕೊಂಡು, ನೆಲದ ಮೇಲೆ ಕೂತಳು. ಅಡುಗೆಮನೆಯಲ್ಲಿ ಕುಕ್ಕರು ಸಣ್ಣಗೆ ಉಸಿರಾಡುತ್ತಿತ್ತು. ಇನ್ನೊಂದು ಹಾಳೆ. ಈಗ ಆ ಹುಡುಗಿ ಫೋನು ಇಟ್ಟಿರಬೇಕು, ಈಗ ಒಬ್ಬಳೇ ಅಂಗಿ ಮಡಿಚುತ್ತಿರಬೇಕು. ಆ ಹಾಳೆಗಳಲ್ಲಿ ಇವಳು ಒಬ್ಬಳೇ ಇರುವುದು ಬೇಡ ಎಂದೆನಿಸಿತು. ಆದರೆ ಕರೆಯಲಿಲ್ಲ.

“ಅಮ್ಮ,” ಒಳಗಿನಿಂದ ಪೂರ್ವಾಳ ಮೂಗು ಕಟ್ಟಿದ ಧ್ವನಿ. “ಅಲ್ಲೇ ಇದ್ದೀಯೇನು?”

“ಇದ್ದೀನಿ.”

“ನಿನ್ನ ಟಿಕೇಟಿನತನಕ ಬರ್ತೀನಿ, ತಡಿ. ಅಲ್ಲಿಂದ ಮುಂದ ಕೂಡಿ ಓದೂಣು.”

ಅಂಬಾ ಹೂಂ ಅಂದಳು. ಅಂದದ್ದು ಒಳಗೆ ಕೇಳಿಸಿತೋ ಇಲ್ಲವೋ. ತಲೆಯನ್ನು ಗೋಡೆಗೆ ಆನಿಸಿ, ಮುಖ ತುಸು ಮೇಲೆತ್ತಿ, ಕಣ್ಣು ಮುಚ್ಚಿದಳು. ಹಾಳೆ ತಿರುಗಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು.